ಹಳೆಯ ಸಿಮ್ಯುಲೇಟರನ್ನು ಇವರು ಯಾಕೆ ಬಿಡ್ತಿಲ್ಲ?

ಇವತ್ತಿನ ಕಂತಿನಲ್ಲಿ ಅತಿಥಿಗಳಿಲ್ಲ, ಸಂದರ್ಶನ ಇಲ್ಲ. ಒಂದು ಸಣ್ಣ ವಿಷಯ ಹಿಡ್ಕೊಂಡು ನಮ್ಮ ಅಭಿಪ್ರಾಯ ಹೇಳ್ತೀವಿ. ಒಪ್ಪದಿದ್ದರೆ ಎಂದಿನಂತೆ ಬರೆದು ಜಗಳ ಆಡಿ, ಓದೋಕೆ ನಮಗೂ ಖುಷಿ.

ವಿಷಯ ಏನಂದ್ರೆ, ಫ್ಲೈಟ್ ಸಿಮ್ಯುಲೇಟರ್. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್. ಈ ಹವ್ಯಾಸದಲ್ಲಿ ಹೊರಗಿನವರಿಗೆ ಅರ್ಥವಾಗದ ಒಂದು ಸಂಗತಿ ಇದೆ. ಇಪ್ಪತ್ತು ವರ್ಷದ ಹಿಂದಿನ ಸಿಮ್ಯುಲೇಟರನ್ನೇ ಇವತ್ತಿಗೂ ದಿನಾ ಸಂಜೆ ತೆಗೆದು ಕೂರುವವರು ಪ್ರಪಂಚದ ತುಂಬಾ ಇದ್ದಾರೆ. ಫೋನನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸೋ ಜನರೇ ಇವರು. ಆದರೆ ಸಿಮ್ಯುಲೇಟರ್ ವಿಷಯಕ್ಕೆ ಬಂದರೆ ಜಪ್ಪಯ್ಯ ಅಂದರೂ ಜಾಗ ಬಿಟ್ಟು ಕದಲೋದಿಲ್ಲ.

ಕಳೆದ ಚಳಿಗಾಲದಲ್ಲಿ ಶಿಕಾಗೋ ಹತ್ತಿರ ಇರುವ ಗೆಳೆಯರೊಬ್ಬರ ಮನೆಗೆ ಹೋಗಿದ್ವಿ. ಮೇಲಿನ ಕೋಣೆಯಲ್ಲಿ ಅವರ ಮಗ 2024ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಆಲ್ಪ್ಸ್ ಪರ್ವತಗಳ ಮೇಲೆ ಹಾರ್ತಿದ್ದ. ನಿಜವಾದ ಹಿಮ, ನಿಜವಾದ ಮೋಡ ಅನ್ನಬೇಕು, ಹಾಗಿತ್ತು. ಕೆಳಗೆ ಬೇಸ್‌ಮೆಂಟಿನಲ್ಲಿ ಅಪ್ಪ, ಇಂಟರ್ನೆಟ್ಟಿಗೆ ಜೋಡಿಸದ ಒಂದು ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆ ಮೇಲೆ 'ಎಫ್‌ಎಸ್ 2004', ಅಂದರೆ 2003ರಲ್ಲಿ ಬಿಡುಗಡೆಯಾದ ಫ್ಲೈಟ್ ಸಿಮ್ಯುಲೇಟರ್. ನೆಲ ಅಂದರೆ ಹಸಿರು-ಕಂದು ತೇಪೆ ಹಾಕಿದ ಕೌದಿ. ಮರಗಳು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ. ಮಗ ಕೆಳಗೆ ಇಳಿದು ಬಂದವನು ಸ್ವಲ್ಪ ಹೊತ್ತು ನೋಡಿ, "ಅಪ್ಪಾ, ಹೊಸದರಲ್ಲಿ ಇದೇ ವಿಮಾನ ಎಷ್ಟು ಚೆನ್ನಾಗಿದೆ, ಯಾಕೆ ಇದನ್ನೇ ಹಿಡ್ಕೊಂಡಿದ್ದೀಯ?" ಅಂದ. ಅಪ್ಪ ನಕ್ಕು ಸುಮ್ಮನಾದರು. ಆ ಪ್ರಶ್ನೆಗೆ ಅವರ ಪರವಾಗಿ ಉತ್ತರ ಹುಡುಕೋಣ ಅಂತ ಈ ಕಂತು.

ಮೊದಲು ಹಿನ್ನೆಲೆ, ಚುಟುಕಾಗಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದ ಬ್ರೂಸ್ ಆರ್ಟ್‌ವಿಕ್ 1975ರಲ್ಲಿ ಕಂಪ್ಯೂಟರಿನಲ್ಲಿ ವಿಮಾನದ ಹಾರಾಟ ತೋರಿಸುವ ವಿಷಯದ ಮೇಲೆ ಪ್ರಬಂಧ ಬರೆದರು. ಅದೇ ಮುಂದೆ ಆಪಲ್ 2 ಕಂಪ್ಯೂಟರಿಗೆ ಬಂದ ಗೆರೆಚಿತ್ರಗಳ ಸಿಮ್ಯುಲೇಟರ್ ಆಯಿತು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಐಬಿಎಂ ಪಿಸಿಗೆ ತಂದಿತು. ಬೇರೆ ಕಂಪನಿಗಳು ಐಬಿಎಂ ಮಾದರಿಯ ಪಿಸಿ ಮಾಡಲು ಶುರುಮಾಡಿದಾಗ, ಅದು ನಿಜವಾಗಿಯೂ ಹೊಂದುತ್ತೋ ಇಲ್ಲವೋ ಅಂತ ನೋಡೋಕೆ ಎರಡು ಪ್ರೋಗ್ರಾಮ್ ಹಾಕಿ ಪರೀಕ್ಷೆ ಮಾಡ್ತಿದ್ದರು: ಒಂದು ಲೋಟಸ್ 1-2-3, ಇನ್ನೊಂದು ಫ್ಲೈಟ್ ಸಿಮ್ಯುಲೇಟರ್. 2003ರಲ್ಲಿ ಎಫ್‌ಎಸ್ 2004 ಬಂತು, 2006ರಲ್ಲಿ ಎಫ್‌ಎಸ್‌ಎಕ್ಸ್. 2009ರ ಜನವರಿಯಲ್ಲಿ ಅದನ್ನು ಮಾಡ್ತಿದ್ದ ಏಸಸ್ ಸ್ಟುಡಿಯೋವನ್ನೇ ಮೈಕ್ರೋಸಾಫ್ಟ್ ಮುಚ್ಚಿತು. 2012ರಲ್ಲಿ 'ಮೈಕ್ರೋಸಾಫ್ಟ್ ಫ್ಲೈಟ್' ಅಂತ ಒಂದು ಬಂದು ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಆಮೇಲೆ 2020ರ ಆಗಸ್ಟಿನಲ್ಲಿ ಫ್ರಾನ್ಸಿನ ಅಸೋಬೋ ಸ್ಟುಡಿಯೋ ಮಾಡಿದ ಹೊಸ ಸಿಮ್ಯುಲೇಟರ್, 2024ರ ನವೆಂಬರಿನಲ್ಲಿ ಅದರ ಮುಂದಿನದು. ಗಮನಿಸಿ, 2006ರಿಂದ 2020ರವರೆಗೆ ಹದಿನಾಲ್ಕು ವರ್ಷ ಈ ಮನೆತನದಲ್ಲಿ ತೊಟ್ಟಿಲೇ ತೂಗಲಿಲ್ಲ. ಆ ಹದಿನಾಲ್ಕು ವರ್ಷ ಹಳೆಯದನ್ನು ಬದುಕಿಸಿಕೊಂಡು ಬಂದವರು ಹವ್ಯಾಸಿಗಳು.

ಹೊರಗಿನವರು ಕೊಡುವ ಸುಲಭದ ಉತ್ತರಗಳು ಮೂರು. ಒಂದು, ಜುಗ್ಗತನ, ಹೊಸ ಕಂಪ್ಯೂಟರಿಗೆ ದುಡ್ಡು ಬಿಚ್ಚೋದಿಲ್ಲ. ಎರಡು, ಹಳೆಯ ನೆನಪಿನ ಹುಚ್ಚು. ಮೂರು, ಅಜ್ಜ ನೆಟ್ಟ ಆಲದ ಮರಕ್ಕೇ ಜೋತುಬಿದ್ದಿದ್ದಾರೆ, ಕಲಿಯೋಕೆ ಸೋಮಾರಿತನ. ಮೂರರಲ್ಲೂ ಒಂದೊಂದು ಚೂರು ನಿಜ ಇದೆ, ಇಲ್ಲ ಅನ್ನಲ್ಲ. ಆದರೆ ಜುಗ್ಗತನ ಅನ್ನೋದು ನಿಲ್ಲೋದಿಲ್ಲ. ಹಳೆಯ ಸಿಮ್ಯುಲೇಟರಿಗೆ ಒಂದೊಂದೇ ವಿಮಾನ, ಒಂದೊಂದೇ ನಿಲ್ದಾಣ ಅಂತ ಕೊಂಡು ಕೊಂಡು, ಒಳ್ಳೆ ಕಂಪ್ಯೂಟರಿನ ಬೆಲೆಗಿಂತ ಹೆಚ್ಚು ಸುರಿದವರು ನಮಗೇ ಗೊತ್ತು. ಸೋಮಾರಿತನವೂ ಅಲ್ಲ. ಇವರಷ್ಟು ಮ್ಯಾನ್ಯುಯಲ್ ಓದುವವರು ನಿಜವಾದ ವಿಮಾನ ಹಾರಿಸುವವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಹಾಗಾದರೆ ಏನು? ನಮ್ಮ ಪ್ರಕಾರ ಉತ್ತರ, ಸಿಮ್ಯುಲೇಟರ್ ಅಂದರೇನು ಅನ್ನೋದರಲ್ಲೇ ಇದೆ.

1929ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್‌ನಲ್ಲಿ ಎಡ್ವಿನ್ ಲಿಂಕ್ ಅನ್ನೋರು ಒಂದು ಪೆಟ್ಟಿಗೆ ಮಾಡಿದರು. ಅವರ ತಂದೆಯದ್ದು ಪಿಯಾನೋ ಮತ್ತು ಆರ್ಗನ್ ತಯಾರಿಸೋ ಕಾರ್ಖಾನೆ. ಹಾರ್ಮೋನಿಯಂನಲ್ಲಿ ತಿದಿ ಇರುತ್ತಲ್ಲ, ಅಂಥ ತಿದಿಗಳ ಮೇಲೆ ಪುಟ್ಟ ವಿಮಾನದ ಆಕಾರದ ಪೆಟ್ಟಿಗೆ ಕೂರಿಸಿ, ಗಾಳಿ ಎಳೆದು ಬಿಟ್ಟು ಅದನ್ನು ವಾಲಿಸೋ ಏರ್ಪಾಡು. ಮುಚ್ಚಳ ಹಾಕಿದರೆ ಒಳಗಿರುವವನಿಗೆ ಹೊರಗಿನದು ಏನೂ ಕಾಣೋದಿಲ್ಲ. ಮುಂದೆ ಇರೋದು ಕೆಲವು ಮೀಟರುಗಳು ಮಾತ್ರ. ಮೊದಮೊದಲು ಅದನ್ನು ಜಾತ್ರೆಯ ಆಟಿಕೆ ಅಂತಲೇ ಜನ ನೋಡಿದರು. 1934ರಲ್ಲಿ ಅಮೆರಿಕದ ಸೇನೆಗೆ ಅಂಚೆ ಸಾಗಿಸೋ ಕೆಲಸ ವಹಿಸಿದಾಗ, ಕೆಟ್ಟ ಹವೆಯಲ್ಲಿ ಮೀಟರ್ ನೋಡಿ ಹಾರಿಸಲು ಬಾರದ ಪೈಲಟ್‌ಗಳು ಒಬ್ಬರಾದ ಮೇಲೆ ಒಬ್ಬರು ಸತ್ತರು. ಆಗ ಸೇನೆ ಲಿಂಕ್ ಅವರಿಂದ ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಜನ ಆ ಪೆಟ್ಟಿಗೆಯಲ್ಲಿ ಕೂತು ಕಲಿತಿದ್ದರು.

ಒಂದೇ ಒಂದು ಮರ, ಒಂದೇ ಒಂದು ಮೋಡ ತೋರಿಸದ ಯಂತ್ರ ಅಷ್ಟು ಜನರಿಗೆ ಹಾರೋದು ಕಲಿಸಿತು. ಯಾಕಂದ್ರೆ ಸಿಮ್ಯುಲೇಟರಿನ ಜೀವ ಇರೋದು ಚಿತ್ರದಲ್ಲಲ್ಲ. ನೀನು ಹೀಗೆ ಮಾಡಿದರೆ ವಿಮಾನ ಹಾಗೆ ಮಾಡುತ್ತೆ ಅನ್ನೋ ಸಂಬಂಧದಲ್ಲಿ. ಆ ಸಂಬಂಧಕ್ಕೆ ವಿಜ್ಞಾನದಲ್ಲಿ ಮಾದರಿ ಅಂತೀವಿ.

ಈ ಮಾದರಿಗೆ ಬೇಕಾದ ಗಣಿತ ಹಳೆಯದಾಗೋದಿಲ್ಲ. ರೆಕ್ಕೆಯ ಎತ್ತುಬಲ ಗಾಳಿಯ ಸಾಂದ್ರತೆಯ ಮೇಲೆ, ರೆಕ್ಕೆಯ ವಿಸ್ತೀರ್ಣದ ಮೇಲೆ, ವೇಗದ ವರ್ಗದ ಮೇಲೆ ನಿಂತಿದೆ. ವೇಗ ಎರಡು ಪಟ್ಟಾದರೆ ಎತ್ತುಬಲ ನಾಲ್ಕು ಪಟ್ಟು. ಇದು 2003ರಲ್ಲೂ ಹಾಗೇ, 2024ರಲ್ಲೂ ಹಾಗೇ. ಒಂದು ಉದಾಹರಣೆ. ಬೆಂಗಳೂರಿನ ಎಚ್‌ಎಎಲ್ ರನ್‌ವೇ ಸಮುದ್ರಮಟ್ಟದಿಂದ 880 ಮೀಟರಿಗಿಂತ ಸ್ವಲ್ಪ ಮೇಲಿದೆ. ಅಲ್ಲಿನ ಗಾಳಿ, ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ, ಸಮುದ್ರಮಟ್ಟದ ಗಾಳಿಗಿಂತ ಸುಮಾರು ಶೇ 8ರಷ್ಟು ತೆಳು. ಬೇಸಿಗೆಯ ಮಧ್ಯಾಹ್ನವಾದರೆ ಇನ್ನೂ ತೆಳು. ಅಂದಮೇಲೆ ಅದೇ ತೂಕದ ವಿಮಾನ ಅಲ್ಲಿ ಮೇಲೇಳೋಕೆ ಹೆಚ್ಚು ದೂರ ಓಡಬೇಕು. ಎಫ್‌ಎಸ್ 2004ರಲ್ಲಿ ತುಂಬಿದ ವಿಮಾನವನ್ನು ಏಪ್ರಿಲ್ ಬಿಸಿಲಿನ ತಾಪಮಾನ ಕೊಟ್ಟು ಅಲ್ಲಿಂದ ಎಬ್ಬಿಸಿ ನೋಡಿ. ರನ್‌ವೇ ಹೆಚ್ಚು ಬೇಕಾಗುತ್ತೆ. ಚಿತ್ರ ಕೌದಿ ಆದರೇನು, ಪಾಠ ಸರಿಯಾಗೇ ಇದೆ.

ಇಲ್ಲಿ ಒಂದು ಪ್ರಾಮಾಣಿಕ ತಕರಾರು ಬರುತ್ತೆ. ಹಳೆಯ ಮೈಕ್ರೋಸಾಫ್ಟ್ ಸಿಮ್ಯುಲೇಟರುಗಳು ವಿಮಾನದ ಗುಣಗಳನ್ನು ಕೋಷ್ಟಕಗಳಲ್ಲಿ ಇಟ್ಟುಕೊಂಡಿರುತ್ತವೆ: ಇಷ್ಟು ಕೋನಕ್ಕೆ ಇಷ್ಟು ಎತ್ತುಬಲ, ಇಷ್ಟು ಎಳೆತ. ಆಸ್ಟಿನ್ ಮೆಯರ್ ಅವರ ಎಕ್ಸ್‌-ಪ್ಲೇನ್ ಬೇರೆ ದಾರಿ ಹಿಡಿಯಿತು. ರೆಕ್ಕೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಂಡು ಒಂದೊಂದು ಪಟ್ಟಿಯ ಮೇಲಿನ ಬಲವನ್ನೂ ಕ್ಷಣಕ್ಷಣ ಲೆಕ್ಕ ಹಾಕುತ್ತೆ. ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಕೂಡ ವಿಮಾನದ ಮೈಮೇಲೆ ಅನೇಕ ಬಿಂದುಗಳಲ್ಲಿ ಗಾಳಿಯ ಪರಿಣಾಮ ಲೆಕ್ಕ ಮಾಡುತ್ತೆ. ವಿಮಾನ ನಿಯಂತ್ರಣ ತಪ್ಪಿ ಗಿರಗಿರ ತಿರುಗುವ ಸ್ಥಿತಿಯಲ್ಲಿ ಕೋಷ್ಟಕದ ವಿಧಾನ ಸೋಲುತ್ತೆ, ಅದು ನಿಜ. ಆದರೆ ಸಾಮಾನ್ಯ ಹಾರಾಟದ ಮಿತಿಯೊಳಗೆ, ಕೋಷ್ಟಕವನ್ನು ತಾಳ್ಮೆಯಿಂದ ತಿದ್ದಿದ ಹಳೆಯ ವಿಮಾನ, ಅವಸರದಲ್ಲಿ ಮಾಡಿದ ಹೊಸ ವಿಮಾನಕ್ಕಿಂತ ನಿಜಕ್ಕೆ ಹತ್ತಿರ ಇರಬಹುದು. ವಿಧಾನ ಹೊಸದಾದ ಮಾತ್ರಕ್ಕೆ ಉತ್ತರ ಸರಿಯಾಗೋದಿಲ್ಲ. ವಿಜ್ಞಾನ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ತಾಳ್ಮೆಯ ತಿದ್ದುವಿಕೆ ಅಂದೆವಲ್ಲ, ಅಲ್ಲೇ ಇದೆ ನಿಷ್ಠೆಯ ಎರಡನೇ ಕಾರಣ. ಎಫ್‌ಎಸ್‌ಎಕ್ಸ್‌ನ ಫೋಲ್ಡರ್ ತೆರೆದರೆ ಪ್ರತಿ ವಿಮಾನಕ್ಕೂ ಒಂದು ಸಾದಾ ಪಠ್ಯದ ಫೈಲ್ ಇರುತ್ತೆ. ನೋಟ್‌ಪ್ಯಾಡಿನಲ್ಲಿ ತೆರೀಬಹುದು. ಖಾಲಿ ತೂಕ ಎಷ್ಟು, ಇಂಧನದ ಟ್ಯಾಂಕ್ ಎಲ್ಲಿ, ಚಕ್ರಗಳು ಎಲ್ಲಿ, ಎಲ್ಲ ಅಲ್ಲಿ ಬರೆದಿರುತ್ತೆ. ಒಂದು ಸಂಖ್ಯೆ ಬದಲಾಯಿಸಿ, ಉಳಿಸಿ, ಮತ್ತೆ ಹಾರಿಸಿದರೆ ವಿಮಾನದ ನಡವಳಿಕೆ ಬದಲಾಗಿರುತ್ತೆ. ಭಾರಕೇಂದ್ರವನ್ನು ಹಿಂದಕ್ಕೆ ಸರಿಸಿದರೆ ವಿಮಾನ ಯಾಕೆ ಹುಚ್ಚುಕುದುರೆ ಥರ ಆಡುತ್ತೆ ಅಂತ ನಮ್ಮಲ್ಲೊಬ್ಬರು ಕಲಿತದ್ದು ಹೀಗೇ, ಕಾಲೇಜಿನ ಪುಸ್ತಕದಿಂದಲ್ಲ. ಇಲ್ಲಿ ಹಾರಿಸುವವನಿಗೂ ರಿಪೇರಿ ಮಾಡುವವನಿಗೂ ನಡುವೆ ಗೋಡೆ ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಆರಿಸಿ ತಂದು ಕಂಪ್ಯೂಟರ್ ಜೋಡಿಸಿದವರಿಗೆ ಈ ಸುಖ ಚೆನ್ನಾಗಿ ಗೊತ್ತಿರುತ್ತೆ.

ರಿಪೇರಿ ಅಂದಾಗ ನಮಗೆ ಬಹಳ ಇಷ್ಟವಾದ ಒಂದು ಕತೆ ಹೇಳಲೇಬೇಕು. ರನ್‌ವೇಗಳಿಗೆ ಸಂಖ್ಯೆ ಇರುತ್ತಲ್ಲ, ಅದು ಬರೋದು ದಿಕ್ಸೂಚಿಯ ದಿಕ್ಕಿನಿಂದ. 90 ಡಿಗ್ರಿ ಅಂದರೆ ಪೂರ್ವಕ್ಕೆ ಮುಖ ಮಾಡಿದ ರನ್‌ವೇ 09, ಅದೇ ರನ್‌ವೇಯನ್ನು ಆ ತುದಿಯಿಂದ ನೋಡಿದರೆ 27. ಆದರೆ ದಿಕ್ಸೂಚಿ ತೋರಿಸೋದು ಭೂಗೋಳದ ಉತ್ತರವನ್ನಲ್ಲ, ಅಯಸ್ಕಾಂತದ ಉತ್ತರವನ್ನ. ಭೂಮಿಯ ಹೊರತಿರುಳಿನಲ್ಲಿ ಕರಗಿದ ಕಬ್ಬಿಣ ಹರಿದಾಡ್ತಾ ಇರೋದರಿಂದ ಆ ಉತ್ತರ ಸರಿಯುತ್ತಾ ಹೋಗುತ್ತೆ. ಉತ್ತರ ಕಾಂತಧ್ರುವ ಕೆನಡಾ ಕಡೆಯಿಂದ ಸೈಬೀರಿಯಾ ಕಡೆಗೆ, ಈ ಶತಮಾನದ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಿತು. ಜಗತ್ತಿನ ಕಾಂತಕ್ಷೇತ್ರದ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸೋದು ರೂಢಿ. 2019ರ ಫೆಬ್ರವರಿಯಲ್ಲಿ ಅವಧಿಗೆ ಮುಂಚೆಯೇ ಪರಿಷ್ಕರಿಸಬೇಕಾಯಿತು. ಫ್ಲಾರಿಡಾದ ಟ್ಯಾಂಪಾ ನಿಲ್ದಾಣದಲ್ಲಿ 2011ರ ಜನವರಿಯಲ್ಲಿ ರನ್‌ವೇ 18 ಅಂತ ಇದ್ದದ್ದನ್ನು ಅಳಿಸಿ 19 ಅಂತ ಬರೆದರು. ನೆಲ ಅಲ್ಲೇ ಇತ್ತು, ಉತ್ತರ ಸರಿದಿತ್ತು.

ಹಳೆಯ ಸಿಮ್ಯುಲೇಟರಿನ ಒಳಗೆ ಭೂಮಿಯ ಕಾಂತಕ್ಷೇತ್ರ ಒಂದು ಫೈಲಿನಲ್ಲಿ ಹೆಪ್ಪುಗಟ್ಟಿ ಕೂತಿದೆ. ನಿಜವಾದ ಭೂಮಿ ಮುಂದೆ ಹೋದ ಹಾಗೆ, ಕೆಲವು ದೇಶಗಳಲ್ಲಿ ಹೊಸ ನಕ್ಷೆ ಹಿಡಿದು ಹಾರಿದರೆ ದಿಕ್ಕು ಎರಡು ಮೂರು ಡಿಗ್ರಿ ತಪ್ಪತೊಡಗಿತು. ಇದನ್ನು ಸರಿಮಾಡಿದವರು ಯಾರು? ಸಂಬಳವಿಲ್ಲದ ಹವ್ಯಾಸಿಗಳು. ಹೊಸ ಮಾದರಿಯ ಅಂಕಿಗಳನ್ನು ಹಳೆಯ ಫೈಲಿನ ಅಚ್ಚಿಗೆ ಸುರಿದು, ಬೇಕಾದವರೆಲ್ಲ ತಗೊಳ್ಳಿ ಅಂತ ಹಂಚಿದರು. ನಿಜ ಜಗತ್ತಿನ ವಿಮಾನಮಾರ್ಗಗಳ ಮಾಹಿತಿ 28 ದಿನಕ್ಕೊಮ್ಮೆ ಬದಲಾಗುತ್ತೆ, ಅದನ್ನೂ ಹಳೆಯದಕ್ಕೆ ತುಂಬುವ ದಾರಿ ಕಂಡುಕೊಂಡರು. ತಯಾರಿಸಿದವರು ಕೈಬಿಟ್ಟ ಭೂಮಿಯ ಉತ್ತರದಿಕ್ಕನ್ನು ಬೇರೆ ಯಾರೋ ಬಂದು ಸರಿಪಡಿಸ್ತಾ ಇದ್ದಾರೆ ಅಂದರೆ, ಇದನ್ನು ಬರೀ ಹಳೆಯ ನೆನಪಿನ ಹುಚ್ಚು ಅಂತ ಹೇಗೆ ಅನ್ನೋದು?

ಹಳೆಯದರಲ್ಲಿ ಕೊರತೆ ಇಲ್ಲವಾ? ಬೇಕಾದಷ್ಟಿದೆ. ಎಫ್‌ಎಸ್‌ಎಕ್ಸ್ 32-ಬಿಟ್ ಪ್ರೋಗ್ರಾಮ್. ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟೇ ಮೆಮೊರಿ ಇರಲಿ, ಅದಕ್ಕೆ ನಾಲ್ಕು ಗಿಗಾಬೈಟಿಗಿಂತ ಹೆಚ್ಚು ಕಣ್ಣಿಗೇ ಕಾಣೋದಿಲ್ಲ. ಭಾರಿ ವಿಮಾನ, ಭಾರಿ ನಿಲ್ದಾಣ ಎರಡನ್ನೂ ಹಾಕಿಕೊಂಡು ಎಂಟು ಗಂಟೆ ಹಾರಿ, ಇನ್ನೇನು ಇಳೀಬೇಕು ಅನ್ನುವಾಗ ಮೆಮೊರಿ ಮುಗಿದು ಇಡೀ ಪ್ರೋಗ್ರಾಮ್ ಮುಚ್ಚಿಹೋದ ಅನುಭವ ಪ್ರತಿ ಎಫ್‌ಎಸ್‌ಎಕ್ಸ್ ಹವ್ಯಾಸಿಗೂ ಇದೆ. ಮೆಮೊರಿ ಮುಗೀತಾ ಬಂದಾಗ ಡಿಂಗ್ ಅಂತ ಗಂಟೆ ಬಾರಿಸೋ ಸಣ್ಣ ಸಾಫ್ಟ್‌ವೇರ್ ಕೂಡ ಇದೆ. ಆ ಶಬ್ದ ಕೇಳಿದರೆ ಈಗಲೂ ಎದೆ ಧಸಕ್ ಅನ್ನುತ್ತೆ. ಆದರೆ ಒಂದು ವ್ಯತ್ಯಾಸ ನೋಡಿ. ಈ ಕೊರತೆಗಳು ಇವರಿಗೆ ಗೊತ್ತಿರೋ ಕೊರತೆಗಳು. ಯಾವ ಸೆಟ್ಟಿಂಗ್ ಇಳಿಸಬೇಕು, ಯಾವ ಸಾಲು ಸೇರಿಸಬೇಕು, ವಿಂಡೋಸ್ 7ರಲ್ಲಿ ಕುಸಿಯದೆ ಇರೋಕೆ ಯಾವ ಹಳೆಯ ಡಿಎಲ್‌ಎಲ್ ಫೈಲ್ ತಂದು ಫೋಲ್ಡರಿಗೆ ಹಾಕಬೇಕು, ಎಲ್ಲ ಬಾಯಿಪಾಠ. ಹಳೆ ಸ್ಕೂಟರನ್ನು ಒಂದು ಕಡೆಗೆ ವಾಲಿಸಿ ಕಿಕ್ ಹೊಡೆಯೋ ಯಜಮಾನರ ಹಾಗೆ. ಬೇರೆಯವರು ಹೊಡೆದರೆ ಸ್ಟಾರ್ಟ್ ಆಗಲ್ಲ.

ಇನ್ನು ಕೆಲವರ ಮನೆಯಲ್ಲಿ ಇದು ಬರೀ ಸಾಫ್ಟ್‌ವೇರ್ ಅಲ್ಲ. ಗ್ಯಾರೇಜಿನಲ್ಲಿ ಬೋಯಿಂಗ್ 737ರ ಕಾಕ್‌ಪಿಟ್ಟನ್ನೇ ಕಟ್ಟಿದವರಿದ್ದಾರೆ. ಪ್ಲೈವುಡ್ ಕೊಯ್ದು, ಒಂದೊಂದು ಸ್ವಿಚ್ಚಿಗೂ ವಯರ್ ಎಳೆದು, ಒಂದೊಂದು ದೀಪವನ್ನೂ ಸಿಮ್ಯುಲೇಟರಿನ ಒಳಗಿನ ಒಂದೊಂದು ಸಂಖ್ಯೆಗೆ ಜೋಡಿಸಿರ್ತಾರೆ. ವರ್ಷಗಟ್ಟಲೆ ರಾತ್ರಿಗಳ ಕೆಲಸ ಅದು. ಅವರ ಹತ್ತಿರ ಹೋಗಿ 'ಹೊಸ ಆವೃತ್ತಿ ಬಂದಿದೆ' ಅಂದರೆ, ಮನೆಯ ಅಡಿಪಾಯ ಬದಲಾಯಿಸಿ ಅಂದ ಹಾಗೆ. ವಿಮಾನ ಕಂಪನಿಗಳು ಪೈಲಟ್ ತರಬೇತಿಗೆ ಇಟ್ಟಿರೋ ದೊಡ್ಡ ಸಿಮ್ಯುಲೇಟರುಗಳೂ ದಶಕಗಳ ಕಾಲ ದುಡಿಯುತ್ತವೆ. ಅಲ್ಲಿ ಯಾರೂ ಅದನ್ನು ಹಳೆಯದಕ್ಕೆ ಜೋತುಬಿದ್ದಿದ್ದಾರೆ ಅನ್ನೋದಿಲ್ಲ.

ಈಗ ಮೂರನೇ ಕಾರಣಕ್ಕೆ ಬರೋಣ. ಇದು ಮನಸ್ಸಿಗೆ ಹತ್ತಿರದ್ದು. ಶಿಕಾಗೋದ ಮಿಶಿಗನ್ ಸರೋವರದ ದಡದಲ್ಲಿ ಮೀಗ್ಸ್ ಫೀಲ್ಡ್ ಅಂತ ಪುಟ್ಟ ವಿಮಾನ ನಿಲ್ದಾಣ ಇತ್ತು. ಫ್ಲೈಟ್ ಸಿಮ್ಯುಲೇಟರ್ ಆನ್ ಮಾಡಿದರೆ ವರ್ಷಾನುಗಟ್ಟಲೆ ಎಲ್ಲರ ಹಾರಾಟವೂ ಶುರುವಾಗ್ತಿದ್ದದ್ದು ಅಲ್ಲಿಂದಲೇ. 2003ರ ಮಾರ್ಚ್ 30ರ ರಾತ್ರಿ, ಮೇಯರ್ ರಿಚರ್ಡ್ ಡೇಲಿ ಆದೇಶದಂತೆ ಬುಲ್ಡೋಜರುಗಳು ಬಂದು ರನ್‌ವೇ ಉದ್ದಕ್ಕೂ ದೊಡ್ಡ ದೊಡ್ಡ ಎಕ್ಸ್ ಆಕಾರದಲ್ಲಿ ಅಗೆದುಹಾಕಿದವು. ಬೆಳಗಾಗುವಷ್ಟರಲ್ಲಿ ನಿಲ್ದಾಣ ಮುಗಿದಿತ್ತು. ಈಗ ಅದು ಪಾರ್ಕು. ಅದಾದ ನಾಲ್ಕು ತಿಂಗಳಿಗೆ ಎಫ್‌ಎಸ್ 2004 ಬಂತು. ಅದರಲ್ಲಿ ಮೀಗ್ಸ್ ಹಾಗೇ ಇದೆ. ಮುಂದಿನ ಎಫ್‌ಎಸ್‌ಎಕ್ಸ್‌ನಲ್ಲಿ ಇಲ್ಲ. ಹಾಂಗ್‌ಕಾಂಗಿನ ಕಾಯ್ ಟಾಕ್ ನಿಲ್ದಾಣ 1998ರ ಜುಲೈನಲ್ಲಿ ಮುಚ್ಚಿತು. ಗುಡ್ಡದ ಮೇಲೆ ಬರೆದ ಚದುರಂಗದ ಮನೆಗಳನ್ನು ನೋಡ್ತಾ ಹೋಗಿ, ಕೊನೆ ಗಳಿಗೆಯಲ್ಲಿ ಬಲಕ್ಕೆ 47 ಡಿಗ್ರಿ ತಿರುಗಿ, ಕಟ್ಟಡಗಳ ಮಧ್ಯೆ ಇಳಿಯಬೇಕಿದ್ದ ಆ ರನ್‌ವೇಯನ್ನು ಹವ್ಯಾಸಿಗಳು ಮತ್ತೆ ಮತ್ತೆ ಕಟ್ಟಿದ್ದಾರೆ. ನಿಜದಲ್ಲಿ ಯಾರೂ ಇನ್ನು ಮಾಡಲಾಗದ ಆ ತಿರುವನ್ನು ಇವರು ಪ್ರತಿ ವಾರ ಮಾಡ್ತಾರೆ.

ನಮ್ಮ ಕತೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು 2008ರ ಮೇ 24ರಂದು ದೇವನಹಳ್ಳಿಗೆ ಹೋದವು. ಎಚ್‌ಎಎಲ್ ರನ್‌ವೇ ಇನ್ನೂ ಇದೆ, ಸೇನೆ ಮತ್ತು ಕಾರ್ಖಾನೆಯ ವಿಮಾನಗಳು ಹಾರ್ತವೆ. ಆದರೆ ನಾವು ಟಿಕೆಟ್ ತಗೊಂಡು ಅಲ್ಲಿ ಇಳಿಯೋ ಹಾಗಿಲ್ಲ. 2008ಕ್ಕೆ ಮುಂಚೆ ವಿಮಾನ ಹತ್ತಿ ಬೆಂಗಳೂರು ಬಿಟ್ಟುಬಂದ ನಮ್ಮಂಥವರಿಗೆ ಊರು ಬಿಟ್ಟ ಜಾಗ ಅದು. ಹಳೆಯ ಎರಡೂ ಸಿಮ್ಯುಲೇಟರುಗಳು ಬಂದದ್ದು 2008ಕ್ಕೆ ಮೊದಲು. ಹಾಗಾಗಿ ಅವುಗಳ ಬೆಂಗಳೂರಿಗೆ ದೇವನಹಳ್ಳಿ ಇನ್ನೂ ಬಂದೇ ಇಲ್ಲ. ಬೆಂಗಳೂರು ಅಂದರೆ ಎಚ್‌ಎಎಲ್.

ನಮ್ಮ ಆ ಗೆಳೆಯರು ಬೆಳೆದದ್ದು ವಿಮಾನಪುರದಲ್ಲಿ. ತಂದೆಗೆ ಎಚ್‌ಎಎಲ್‌ನಲ್ಲಿ ಕೆಲಸ. ಕಿರಣ್ ವಿಮಾನಗಳ ಸದ್ದು ಕೇಳ್ತಾ ಹೋಮ್‌ವರ್ಕ್ ಮಾಡಿದ ಹುಡುಗ. 2001ರಲ್ಲಿ ಅಲ್ಲಿಂದ ಮುಂಬೈಗೆ, ಮುಂಬೈಯಿಂದ ಇಲ್ಲಿಗೆ. ಬೀಳ್ಕೊಡೋಕೆ ತಂದೆ ಬಂದಿದ್ದರು. ಮುಂದೆ ಅವರು ರಜಕ್ಕೆ ಊರಿಗೆ ಹೋಗೋ ಹೊತ್ತಿಗೆ ತಂದೆ ಇರಲಿಲ್ಲ, ಕೊನೆಕೊನೆಗೆ ಆ ನಿಲ್ದಾಣವೂ ಇರಲಿಲ್ಲ. ಬೇಸ್‌ಮೆಂಟಿನಲ್ಲಿ ಅವರು ಹಾರಿಸ್ತಿದ್ದದ್ದು ರನ್‌ವೇ 09ಕ್ಕೆ ಇಳಿಯೋ ಹಾರಾಟ. ಆ ಸಿಮ್ಯುಲೇಟರಿನಲ್ಲಿ ದೊಮ್ಮಲೂರು ಇಲ್ಲ, ಮಾರತಹಳ್ಳಿ ಇಲ್ಲ, ಬರೀ ತೇಪೆಯ ನೆಲ. ಇರೋದು ಮೂರು ಕಿಲೋಮೀಟರಿಗಿಂತ ಸ್ವಲ್ಪ ಉದ್ದದ ಒಂದು ಬೂದು ಪಟ್ಟಿ. ಅವರಿಗೆ ಅಷ್ಟೇ ಸಾಕು.

ಈಗ ಇನ್ನೊಂದು ಪಕ್ಷದ ಮಾತು, ಅದನ್ನು ಮುಚ್ಚಿಡೋದು ಸರಿಯಲ್ಲ. ಹೊಸ ಸಿಮ್ಯುಲೇಟರ್ ಸಾಧಿಸಿರೋದು ಸಣ್ಣದೇನಲ್ಲ. ಉಪಗ್ರಹ ಮತ್ತು ವಿಮಾನದಿಂದ ತೆಗೆದ ಚಿತ್ರಗಳು, ಎರಡು ಪೆಟಾಬೈಟಿಗೂ ಮಿಕ್ಕ ಮಾಹಿತಿ, ಅಂದರೆ ಇಪ್ಪತ್ತು ಲಕ್ಷ ಗಿಗಾಬೈಟ್. ಇದು ಯಾರ ಮನೆಯ ಡಿಸ್ಕಿನಲ್ಲೂ ಹಿಡಿಯೋದಿಲ್ಲ, ಸರ್ವರಿನಿಂದ ಹರಿದು ಬರಲೇಬೇಕು. ನಮ್ಮಲ್ಲೊಬ್ಬರ ತಾಯಿ ಇಲ್ಲಿಗೆ ಬಂದಾಗ ಅವರನ್ನು ಕೂರಿಸಿ ಕುಮಟಾ ಕಡೆ ಹಾರಿಸಿದೆವು. ಅಘನಾಶಿನಿ ಸಮುದ್ರ ಸೇರೋ ಜಾಗ ಬಂದಾಗ, ಆ ಅಮ್ಮ ಪರದೆ ಮೇಲೆ ಬೆರಳಿಟ್ಟು, "ತಡಿ ತಡಿ, ಇಲ್ಲೇ ಬಾರ್ಜ್ ಹತ್ತೋದು" ಅಂದರು. ತೇಪೆ ಕೌದಿಯ ಸಿಮ್ಯುಲೇಟರ್ ಯಾವ ಜನ್ಮಕ್ಕೂ ಆ ಕ್ಷಣ ಕೊಡೋದಿಲ್ಲ. ಹಾಗಾಗಿ ಹೊಸದನ್ನು ಹಳಿಯೋದು ನಮ್ಮ ಉದ್ದೇಶ ಅಲ್ಲ.

ನಮ್ಮ ತಕರಾರು ಬೇರೆ. ಹೊಸದು ಬಾಡಿಗೆ ಮನೆ. ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ, ಆದರೆ ಮೊಳೆ ಹೊಡೆಯೋಕೆ ಓನರನ್ನು ಕೇಳಬೇಕು. 2020ರ ಸಿಮ್ಯುಲೇಟರ್ ಇಂಟರ್ನೆಟ್ ಇಲ್ಲದೆಯೂ ಓಡುತ್ತೆ, ಆದರೆ ಆ ಚಿತ್ರಗಳಿಲ್ಲದ ಸಾಧಾರಣ ನೆಲದೊಂದಿಗೆ. 2024ರದ್ದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಹಳಷ್ಟು ಫೈಲುಗಳನ್ನು ನಮ್ಮ ಡಿಸ್ಕಿನಲ್ಲಿ ಇಡದೆ ಬೇಕಾದಾಗ ತರಿಸಿಕೊಳ್ಳುತ್ತೆ. ಬಿಡುಗಡೆಯ ದಿನ ಸರ್ವರುಗಳ ಮೇಲೆ ಒತ್ತಡ ಬಿದ್ದು ಹಲವರಿಗೆ ಒಳಗೆ ಹೋಗೋಕೇ ಆಗಲಿಲ್ಲ, ತಯಾರಕರೇ ಅದನ್ನು ಒಪ್ಪಿಕೊಂಡರು. ಅದು ಕೆಲವು ದಿನಗಳ ತೊಂದರೆ, ಸರಿಹೋಯಿತು. ನಮ್ಮ ಚಿಂತೆ ಮೊದಲ ದಿನದ್ದಲ್ಲ, ಕೊನೆಯ ದಿನದ್ದು. ಇವತ್ತಿಂದ ಇಪ್ಪತ್ತು ವರ್ಷ ಆದ ಮೇಲೆ ಈ ಸರ್ವರ್ ಯಾರು ಉರಿಸ್ತಾರೆ? ಆಲ್ಪ್ಸ್ ಮೇಲೆ ಹಾರ್ತಿದ್ದ ಆ ಹುಡುಗ ನಲವತ್ತು ವರ್ಷದವನಾದಾಗ, ತನ್ನ ಮಗಳಿಗೆ 'ನಾನು ಚಿಕ್ಕವನಿದ್ದಾಗ ಹೀಗಿತ್ತು' ಅಂತ ತೋರಿಸೋಕೆ ಅವನ ಹತ್ತಿರ ಏನಿರುತ್ತೆ? ಅವನ ಅಪ್ಪನ ಹತ್ತಿರ ನಾಲ್ಕು ಸಿಡಿ ಇವೆ.

ನ್ಯಾಯವಾಗಿ ಹೇಳಬೇಕಂದ್ರೆ, ಆ ನಾಲ್ಕು ಸಿಡಿಗಳೂ ಪೂರ್ತಿ ಸ್ವಂತ ಮನೆ ಆಗಿರಲಿಲ್ಲ. ಎಫ್‌ಎಸ್ 2004ರ ಸಿಡಿಗೆ ನಕಲು ತಡೆಯುವ ಸೇಫ್‌ಡಿಸ್ಕ್ ಅನ್ನೋ ಬೀಗ ಇತ್ತು. 2015ರಲ್ಲಿ ವಿಂಡೋಸ್ 10 ಆ ಬೀಗದ ವ್ಯವಸ್ಥೆಯನ್ನೇ ಕೈಬಿಟ್ಟಿತು. ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಹೊಸ ಕಂಪ್ಯೂಟರಿನಲ್ಲಿ ನೇರವಾಗಿ ಓಡದ ಹಾಗಾಯಿತು. ಗೆಳೆಯರು ಇಂಟರ್ನೆಟ್ ಇಲ್ಲದ ಎಕ್ಸ್‌ಪಿ ಕಂಪ್ಯೂಟರನ್ನು ಜೋಪಾನ ಮಾಡಿರೋದು ಅದಕ್ಕೇ. ಅಂದರೆ ಸಮಸ್ಯೆ ಹೊಸದಲ್ಲ, ಆಗ ಬೀಗ ಬಾಗಿಲಿಗಿತ್ತು, ಈಗ ಮನೆಯೇ ಬೇರೆಯವರದ್ದು.

ಇದು ವಿಮಾನದ ಆಟಕ್ಕೆ ಮಾತ್ರ ಸಂಬಂಧಪಟ್ಟ ಮಾತಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ. 'ದಿ ಕ್ರೂ' ಅನ್ನೋ ಕಾರ್ ಓಡಿಸೋ ಆಟದ ಸರ್ವರುಗಳನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದಾಗ, ದುಡ್ಡು ಕೊಟ್ಟವರ ಕೈಯಲ್ಲಿ ಏನೂ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ: ಡಿಜಿಟಲ್ ವಸ್ತುವನ್ನು 'ಖರೀದಿಸಿ' ಅಂತ ಮಾರುವಾಗ, ಸಿಗೋದು ಬಳಸುವ ಪರವಾನಗಿ ಮಾತ್ರ ಅಂತ ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು. ಬಾಡಿಗೆ ಮನೆಗೆ 'ಬಾಡಿಗೆಗಿದೆ' ಅಂತಲೇ ಬೋರ್ಡ್ ಹಾಕಿ ಅನ್ನೋ ಕಾನೂನು. ಒಳ್ಳೇದೇ. ಆದರೆ ಸಾಲದು.

ನಮ್ಮ ಅಭಿಪ್ರಾಯ ಇಷ್ಟು. ಸರ್ವರ್ ನಿಲ್ಲಿಸೋ ದಿನ ಬಂದಾಗ, ಮನೆಯ ಡಿಸ್ಕಿನಿಂದಲೇ ಓಡುವ ಒಂದು ಆವೃತ್ತಿಯನ್ನು ಕೊಂಡವರ ಕೈಗೆ ಕೊಟ್ಟು ಹೋಗಬೇಕು. ಎರಡು ಪೆಟಾಬೈಟ್ ಕೊಡಿ ಅಂತ ಯಾರೂ ಕೇಳ್ತಿಲ್ಲ. ಒಂದು ಸಾಧಾರಣ ಭೂಮಿ, ಕೊಂಡಿದ್ದ ವಿಮಾನಗಳು, ತೆರೆದು ತಿದ್ದಬಹುದಾದ ಫೈಲುಗಳು, ಇಷ್ಟು ಸಾಕು. ಉಳಿದದ್ದನ್ನು ಹವ್ಯಾಸಿಗಳು ನೋಡ್ಕೋತಾರೆ. ನೋಡ್ಕೊಂಡಿದ್ದಾರೆ ಅನ್ನೋದಕ್ಕೆ ಇಪ್ಪತ್ತು ವರ್ಷದ ಸಾಕ್ಷಿ ಇದೆ. ಆಗದ ಮಾತಲ್ಲ ಇದು. ಎಕ್ಸ್‌-ಪ್ಲೇನ್ ಇವತ್ತಿಗೂ ಮನೆಯ ಡಿಸ್ಕಿನಿಂದ ಓಡುತ್ತೆ. ಫ್ಲೈಟ್‌ಗಿಯರ್ ಅನ್ನೋ ಮುಕ್ತ ಸಿಮ್ಯುಲೇಟರಿನ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ವಿಜ್ಞಾನದಲ್ಲಿ ಒಂದು ಲೆಕ್ಕವನ್ನು ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಮತ್ತೆ ಮಾಡಿ ನೋಡುವ ಹಾಗಿರಬೇಕು ಅಂತೀವಲ್ಲ, ಅದೇ ನಿಯಮವನ್ನು ನಮ್ಮ ಯಂತ್ರಗಳಿಗೂ ಅನ್ವಯಿಸಿ ಅಂತಷ್ಟೇ ಕೇಳ್ತಿರೋದು.

ಕೇಳುಗರಲ್ಲಿ ಈ ಹವ್ಯಾಸದವರಿದ್ದರೆ ಒಂದು ವಿನಂತಿ. ಅಟ್ಟದ ಮೇಲಿನ ಹಳೆಯ ಸಿಡಿಗಳನ್ನು ಈ ವಾರಾಂತ್ಯ ಇಳಿಸಿ. ಸಿಡಿಗಳು ಶಾಶ್ವತ ಅಲ್ಲ, ಅವುಗಳ ಪದರ ಹಾಳಾಗುತ್ತೆ, ಓದೋಕೆ ಬರುವಾಗಲೇ ಪ್ರತಿ ತೆಗೆದಿಡಿ. ಸರಿಯಾಗಿ ಓಡೋಕೆ ಏನೇನು ಮಾಡಿದ್ದಿರಿ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದಿಡಿ, ಕನ್ನಡದಲ್ಲೇ ಬರೀರಿ. ಮೂವತ್ತು ವರ್ಷದ ಅನುಭವ ತಲೆಯೊಳಗೇ ಇದ್ದರೆ ಅದೂ ಒಂದು ದಿನ ನಿಲ್ಲೋ ಸರ್ವರೇ.

ಅವತ್ತು ಬೇಸ್‌ಮೆಂಟಿನಲ್ಲಿ ಏನಾಯಿತು ಅಂತ ಹೇಳಿ ಮುಗಿಸ್ತೀವಿ. ಗೆಳೆಯರು ರನ್‌ವೇ 09ರಲ್ಲಿ ಇಳಿಸಿ, ವಿಮಾನವನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡಿದರು. ಮಗ ಇನ್ನೂ ನಿಂತಿದ್ದ. "ಇಲ್ಲಿಂದಲೇನಾ ನೀನು ಬಂದಿದ್ದು?" ಅಂದ. ಹೌದು ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ, ನಾನೊಂದು ಸಲ ಇಳಿಸ್ತೀನಿ" ಅಂತ ಕುರ್ಚಿ ಎಳ್ಕೊಂಡ. ಮೊದಲ ಸಲ ರನ್‌ವೇ ದಾಟಿ ಆಚೆ ಹೋದ. ತೆಳು ಗಾಳಿ, ವೇಗ ಜಾಸ್ತಿ ಇತ್ತು. ಅಪ್ಪ ಕಾರಣ ಹೇಳಿಕೊಟ್ಟರು. ಎರಡನೇ ಸಲ ಸರಿಯಾಗಿ ಇಳಿಸಿದ. ಊಟಕ್ಕೆ ಕರೆದಾಗ ಇಬ್ಬರೂ ಮೇಲೆ ಬರೋಕೆ ಅರ್ಧ ಗಂಟೆ ಮಾಡಿದರು.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲೂ ಇಂಥ ಹಳೆಯ ಸಿಮ್ಯುಲೇಟರ್ ಇದ್ದರೆ, ಅದರಲ್ಲಿ ನೀವು ಯಾವ ರನ್‌ವೇಗೆ ಮತ್ತೆ ಮತ್ತೆ ಹೋಗ್ತೀರಿ ಅಂತ ನಮಗೆ ಬರೀರಿ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.